ರಾಜಾಜಿ: ಮದ್ರಾಸ್ ಶಾಸನಸಭೆಯ ಸಂಪ್ರದಾಯವಾದಿ ಮತ್ತು ಸ್ವಾತಂತ್ರ್ಯದ ನೀತಿ

ಚಕ್ರವರ್ತಿ ರಾಜಗೋಪಾಲಾಚಾರಿ (1878–1972) ಕನ್ನಡ ಓದುಗರಿಗೆ ಹೆಚ್ಚು ಪರಿಚಿತರಾಗಿರುವುದು ರಾಮಾಯಣ, ಮಹಾಭಾರತಗಳನ್ನು ಸರಳವಾಗಿ ಮರುಹೇಳಿದವರೆಂದು. ಇಲ್ಲವೇ ಗವರ್ನರ್ ಜನರಲ್ ಹುದ್ದೆಯಲ್ಲಿ ಕುಳಿತ ಏಕೈಕ ಭಾರತೀಯರೆಂದು. ಮದ್ರಾಸ್ ಶಾಸಕರಾಗಿ ಎರಡು ಸಲ ಸರ್ಕಾರ ನಡೆಸಿದ ರಾಜಾಜಿ, ಮುದಿವಯಸ್ಸಿನಲ್ಲಿ ಸರ್ಕಾರದ ಹಿಡಿತದ ವಿರುದ್ಧವೇ ಪಕ್ಷ ಕಟ್ಟಿದರು. ಅವರನ್ನು ಸ್ವಾತಂತ್ರ್ಯವಾದಿ ಎಂದು ಹೊಗಳುವವರಿಗೂ ಪ್ರತಿಗಾಮಿ ಎಂದು ಜರೆಯುವವರಿಗೂ ಅವರ ಆಡಳಿತದ ಕಡತದಲ್ಲಿ ಬೇಕಾದಷ್ಟು ಸಾಕ್ಷ್ಯ ಸಿಗುತ್ತದೆ.

ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಆಗಿನ ಸೇಲಂ ಜಿಲ್ಲೆಯ ಹೊಸೂರು ತಾಲ್ಲೂಕಿನ ತೊರಪಳ್ಳಿಯಲ್ಲಿ. ತಂದೆ ಆ ಊರಿನ ಮುನ್ಸೀಫರು. ಹೊಸೂರಿನಲ್ಲಿ ಶುರುವಾದ ಓದು ಬೆಂಗಳೂರಿನಲ್ಲಿ ಮುಂದುವರಿದು, ಸೆಂಟ್ರಲ್ ಕಾಲೇಜಿನ ಪದವಿಯವರೆಗೆ ಹೋಯಿತು. ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. 1917ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. ಚೆನ್ನಾಗಿ ನಡೆಯುತ್ತಿದ್ದ ವಕೀಲಿಯನ್ನು ಗಾಂಧೀಜಿಯ ಅಸಹಕಾರ ಚಳವಳಿಗಾಗಿ ಬಿಟ್ಟರು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಹೂಡಿ ಖಾದಿ, ಅಸ್ಪೃಶ್ಯತೆ ನಿವಾರಣೆ, ಪಾನನಿಷೇಧದ ಕೆಲಸಕ್ಕೆ ಇಳಿದರು. 1930ರಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ನಡೆಸಿ ಜೈಲು ಸೇರಿದರು.

1937ರ ಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯ 215 ಸ್ಥಾನಗಳಲ್ಲಿ ಕಾಂಗ್ರೆಸ್ 159 ಗೆದ್ದಿತು. ವಿಶ್ವವಿದ್ಯಾಲಯ ಕ್ಷೇತ್ರದಿಂದ ಆಯ್ಕೆಯಾದ ರಾಜಾಜಿ ಜುಲೈನಲ್ಲಿ ಪ್ರಧಾನಿಯಾದರು. ಪ್ರಾಂತ್ಯದ ಮುಖ್ಯಮಂತ್ರಿಗೆ ಆಗ ಇದ್ದ ಹೆಸರು ಅದೇ. ಅಧಿಕಾರಕ್ಕೆ ಬಂದ ಮೂರು ತಿಂಗಳಲ್ಲೇ, ಅಕ್ಟೋಬರ್ 1ರಂದು, ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಯಾಯಿತು. ಅಬಕಾರಿ ವರಮಾನಕ್ಕೆ ಬಿದ್ದ ಹೊಡೆತವನ್ನು ತುಂಬಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಬಂತು. ದೇಶದಲ್ಲಿ ಅಂಥ ತೆರಿಗೆ ಅದೇ ಮೊದಲು. ಮುಂದೆ ತೆರಿಗೆಯ ಭಾರವನ್ನೂ ವ್ಯಾಪಾರದ ಮೇಲಿನ ಕಟ್ಟುಪಾಡುಗಳನ್ನೂ ಟೀಕಿಸುತ್ತ ವರ್ಷಗಟ್ಟಲೆ ಬರೆದವರ ಕೊಡುಗೆ ಇದು ಎಂಬುದನ್ನು ಅವರ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. 1938ರ ಕೃಷಿಕರ ಸಾಲ ಪರಿಹಾರ ಕಾಯ್ದೆ ರೈತರ ಹಳೆಯ ಸಾಲಗಳ ಬಡ್ಡಿಗೆ ಕತ್ತರಿ ಹಾಕಿತು. ಸಾಲಗಾರ ಮತ್ತು ಸಾಹುಕಾರರ ಒಪ್ಪಂದದ ನಡುವೆ ಸರ್ಕಾರ ಕೈಹಾಕಬಾರದೆಂಬ ತತ್ವ ಆಗ ಅವರನ್ನು ತಡೆಯಲಿಲ್ಲ.

ಈ ಅವಧಿಯ ನಿಜವಾದ ವಿಮೋಚನೆಯ ಕಾನೂನು ದೇವಾಲಯ ಪ್ರವೇಶದ್ದು. 1939ರ ಜುಲೈನಲ್ಲಿ ವೈದ್ಯನಾಥ ಅಯ್ಯರ್ ಅವರ ಮುಂದಾಳತ್ವದಲ್ಲಿ ದಲಿತರು ಮಧುರೆಯ ಮೀನಾಕ್ಷಿ ಗುಡಿಯನ್ನು ಹೊಕ್ಕಾಗ, ಮೊಕದ್ದಮೆಗಳಿಂದ ಅವರಿಗೂ ಗುಡಿಯ ಆಡಳಿತಕ್ಕೂ ರಕ್ಷಣೆ ಕೊಡಲು ಸರ್ಕಾರ ಮೊದಲು ಸುಗ್ರೀವಾಜ್ಞೆ ಹೊರಡಿಸಿತು. ಬಳಿಕ ಕಾಯ್ದೆ ಮಾಡಿತು. ಆಚಾರವಂತ ಅಯ್ಯಂಗಾರ್ ಮನೆತನದಲ್ಲಿ ಹುಟ್ಟಿದವರು ಇದನ್ನು ಮಾಡಿದರೆಂಬುದು ಸಣ್ಣ ಮಾತಲ್ಲ. ಆದರೆ ಅದೇ ಸರ್ಕಾರ 1938ರಲ್ಲಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿತ್ತು. ಪ್ರತಿಭಟಿಸಿದವರ ಮೇಲೆ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯನ್ನು ಪ್ರಯೋಗಿಸಲಾಯಿತು. ಬ್ರಿಟಿಷರು ಕಾಂಗ್ರೆಸಿಗರ ಮೇಲೆ ಬಳಸುತ್ತಿದ್ದ ಅಸ್ತ್ರವೇ ಅದು. ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ನಟರಾಜನ್, ತಾಳಮುತ್ತು ಎಂಬಿಬ್ಬರು ಸೆರೆಯಲ್ಲಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡರು. ಎರಡನೆಯ ಮಹಾಯುದ್ಧದ ಪ್ರಶ್ನೆಯ ಮೇಲೆ 1939ರ ಅಕ್ಟೋಬರಿನಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಕಡ್ಡಾಯ ಹಿಂದಿಯನ್ನು ಮರುವರ್ಷ ಹಿಂತೆಗೆದದ್ದು ಬ್ರಿಟಿಷ್ ಗವರ್ನರ್.

ಕ್ವಿಟ್ ಇಂಡಿಯಾವನ್ನು ವಿರೋಧಿಸಿ ಕಾಂಗ್ರೆಸಿನಿಂದ ಹೊರಬಿದ್ದದ್ದು, ಮರಳಿ ಬಂದದ್ದು, ಪಶ್ಚಿಮ ಬಂಗಾಳದ ರಾಜ್ಯಪಾಲರಾದದ್ದು, ದೆಹಲಿಯ ಉನ್ನತ ಹುದ್ದೆಗಳು ಬೇರೆಯದೇ ಚರಿತ್ರೆ. ಇಲ್ಲಿಗೆ ಸಂಬಂಧಿಸಿದ್ದು ಒಂದೇ ಸಂಗತಿ: ಕೇಂದ್ರ ಗೃಹ ಸಚಿವರಾಗಿ 1951ರಲ್ಲಿ ಅವರು ಮುನ್ನೆಚ್ಚರಿಕೆ ಬಂಧನ ಕಾಯ್ದೆಯ ಅವಧಿಯನ್ನು ವಿಸ್ತರಿಸಿದರು, ಪತ್ರಿಕೆಗಳ ಆಕ್ಷೇಪಾರ್ಹ ಬರಹದ ವಿರುದ್ಧದ ಮಸೂದೆಯನ್ನು ಸಂಸತ್ತಿನಲ್ಲಿ ಸಮರ್ಥಿಸಿದರು. ಸುವ್ಯವಸ್ಥೆ ಮತ್ತು ವಾಕ್‌ಸ್ವಾತಂತ್ರ್ಯ ಎದುರುಬದುರಾದಾಗ ಅಧಿಕಾರದಲ್ಲಿದ್ದ ರಾಜಾಜಿ ಪ್ರತಿಸಲವೂ ಸುವ್ಯವಸ್ಥೆಯ ಕಡೆಗೇ ನಿಂತರು.

1952ರ ಮೊದಲ ಮಹಾಚುನಾವಣೆಯಲ್ಲಿ ಮದ್ರಾಸ್ ರಾಜ್ಯದ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 152. ಟಿ. ಪ್ರಕಾಶಂ ನೇತೃತ್ವದಲ್ಲಿ ಕಮ್ಯುನಿಸ್ಟರೂ ಸೇರಿದ ಒಕ್ಕೂಟ ಸರ್ಕಾರ ರಚನೆಗೆ ಸಿದ್ಧವಾಗಿತ್ತು. ನಿವೃತ್ತರಾಗಿದ್ದ ರಾಜಾಜಿಯವರನ್ನು ಕಾಂಗ್ರೆಸ್ ಕರೆತಂದಿತು. ರಾಜ್ಯಪಾಲ ಶ್ರೀಪ್ರಕಾಶರು ರಾಜಾಜಿಯವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. ಏಪ್ರಿಲ್ 10ರಂದು ಮುಖ್ಯಮಂತ್ರಿಯಾದ ಅವರು ಕೊನೆಯವರೆಗೂ ಮತದಾರರ ಮುಂದೆ ಹೋಗಲಿಲ್ಲ. ಅಧಿಕಾರಿಶಾಹಿಯನ್ನು ಅಷ್ಟು ಶಂಕಿಸಿದವರು ರಾಜ್ಯಪಾಲರ ಸಹಿಯಿಂದ ಶಾಸಕರಾದದ್ದನ್ನು ವಿರೋಧಿಗಳು ಎತ್ತಿ ಆಡಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಅವರ ಹೆಸರು ನಿಲ್ಲುವಂಥ ನಿರ್ಧಾರ ಬಂದದ್ದು ಎರಡೇ ತಿಂಗಳಲ್ಲಿ. ಯುದ್ಧಕಾಲದಿಂದ ಉಳಿದುಕೊಂಡಿದ್ದ ಆಹಾರ ನಿಯಂತ್ರಣ ಆಗ ಜನಜೀವನದ ಮೂಲೆಮೂಲೆಗೂ ಹೊಕ್ಕಿತ್ತು. ರೈತ ತನ್ನ ಭತ್ತದ ಪಾಲನ್ನು ಗೊತ್ತಾದ ದರಕ್ಕೆ ಲೆವಿಯಾಗಿ ಕೊಡಬೇಕು, ಜಿಲ್ಲೆಯ ಗಡಿ ದಾಟಿಸಲು ಪರ್ಮಿಟ್ ಬೇಕು, ಪೇಟೆಯವನು ರೇಷನ್ ಅಂಗಡಿಯ ಮುಂದೆ ಸರದಿ ನಿಲ್ಲಬೇಕು. ಸಾಲು ಸಾಲು ಕೆಟ್ಟ ಮಳೆಗಾಲಗಳ ನಡುವೆ ಕಾಳಸಂತೆ ಕೊಬ್ಬಿತ್ತು. ರಾಜಾಜಿ 1952ರ ಜೂನ್‌ನಲ್ಲಿ ಈ ನಿಯಂತ್ರಣಗಳನ್ನು ತೆಗೆದುಹಾಕಿದರು. ಕೇಂದ್ರ ಆಹಾರ ಸಚಿವ ರಫಿ ಅಹ್ಮದ್ ಕಿದ್ವಾಯಿ ಬೆಂಬಲಕ್ಕೆ ನಿಂತರು. ದರ ಗಗನಕ್ಕೇರುತ್ತದೆ ಎಂದು ಹೆದರಿದವರೇ ಹೆಚ್ಚು. ಹಾಗಾಗಲಿಲ್ಲ, ಅಡಗಿದ್ದ ಧಾನ್ಯ ಪೇಟೆಗೆ ಬಂತು, ಆಮೇಲೆ ಮಳೆಯೂ ಕೈಹಿಡಿಯಿತು. 1954ರ ಹೊತ್ತಿಗೆ ದೇಶವೆಲ್ಲ ಇದೇ ದಾರಿ ಹಿಡಿದಿತ್ತು. ಅದೃಷ್ಟದ ಪಾಲನ್ನು ಕಳೆದರೂ ಇದು ದಿಟ್ಟ ಹೆಜ್ಜೆ: ಅಲ್ಪಮತದ ಸರ್ಕಾರವೊಂದು ತನ್ನ ಕೈಯಲ್ಲಿದ್ದ ಅಧಿಕಾರವನ್ನು ತಾನಾಗಿಯೇ ಬಿಟ್ಟುಕೊಟ್ಟಿತ್ತು.

ಹಾಗೆಂದು ಅವರು ಮುಕ್ತ ಪೇಟೆಯ ಭಕ್ತರಾಗಿರಲಿಲ್ಲ. ಅದೇ ವರ್ಷ ತಂಜಾವೂರಿನ ಗೇಣಿದಾರರಿಗೂ ಪಣ್ಣೆಯಾಳುಗಳಿಗೂ (ಜಮೀನುದಾರರ ಹೊಲದಾಳುಗಳಿಗೂ) ರಕ್ಷಣೆ ಕೊಡುವ ಸುಗ್ರೀವಾಜ್ಞೆ ತಂದರು. ಸೀರೆ, ಪಂಚೆಗಳ ನೇಯ್ಗೆಯನ್ನು ಕೈಮಗ್ಗಕ್ಕೆ ಮೀಸಲಿಡಬೇಕೆಂದು ದೆಹಲಿಯನ್ನು ಕಾಡಿದರು. ಅವರು ಕಾಪಾಡಲು ಹೊರಟದ್ದು ವ್ಯಕ್ತಿಯ ಇಚ್ಛೆಯನ್ನಲ್ಲ. ಮನೆ, ಹೊಲ, ಕುಲಕಸುಬುಗಳ ಒಂದು ಹಳೆಯ ಬದುಕಿನ ಕ್ರಮವನ್ನು. ಸರ್ಕಾರ ಅದರೊಳಗೆ ಕೈಹಾಕಿದರೆ ಸಿಟ್ಟಾಗುತ್ತಿದ್ದರು, ಹೆಂಡದಂಗಡಿ ಕೈಹಾಕಿದರೆ ಸರ್ಕಾರವನ್ನೇ ಕರೆಯುತ್ತಿದ್ದರು.

ಈ ದೃಷ್ಟಿಯೇ ಅವರನ್ನು ಮುಳುಗಿಸಿತು. 1953ರ ಪ್ರಾಥಮಿಕ ಶಿಕ್ಷಣ ಯೋಜನೆಯ ಪ್ರಕಾರ ಹಳ್ಳಿಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಹೆತ್ತವರ ಕಸುಬಿನ ಕಲಿಕೆ. ಎರಡು ಪಾಳಿ ನಡೆಸಿದರೆ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಬಹುದು ಎಂಬುದು ಲೆಕ್ಕ. ಕುಂಬಾರನ ಮಗ ಕುಂಬಾರನಾಗಿಯೇ ಉಳಿಯಲಿ ಎಂಬ ವರ್ಣಾಶ್ರಮದ ಹುನ್ನಾರವಿದು ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಸಿಡಿದೆದ್ದರು. ಸ್ವಪಕ್ಷದ ಕಾಮರಾಜರ ಬಣವೂ ದೂರ ಸರಿಯಿತು. ಖರ್ಚಿನ ಲೆಕ್ಕ ನಿಜವಿದ್ದಿರಬಹುದು. ಆದರೆ ಹುಟ್ಟಿನ ಕಸುಬಿನಿಂದ ಪಾರಾಗಲು ಶಾಲೆಯೊಂದೇ ಬಾಗಿಲಾಗಿದ್ದವರಿಗೆ ಆ ಬಾಗಿಲನ್ನು ಅರ್ಧ ಮುಚ್ಚಿದಂತೆ ಕಂಡದ್ದು ಸಹಜ. 1954ರ ಏಪ್ರಿಲ್‌ನಲ್ಲಿ ರಾಜಾಜಿ ಕೆಳಗಿಳಿದರು. ಅವರ ನಂತರ ಮುಖ್ಯಮಂತ್ರಿಯಾದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

1957ರಲ್ಲಿ ಅವರು ಕಾಂಗ್ರೆಸ್ ತೊರೆದರು. ‘ಸ್ವರಾಜ್ಯ’ ವಾರಪತ್ರಿಕೆಯ ಅಂಕಣಗಳಲ್ಲಿ ಪರ್ಮಿಟ್-ಲೈಸೆನ್ಸ್ ರಾಜ್ಯದ ಮೇಲೆ ವಾರವಾರವೂ ಹರಿಹಾಯ್ದರು. 1959ರ ಜನವರಿಯ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಸಹಕಾರಿ ಬೇಸಾಯದ ನಿರ್ಣಯ ಮಾಡಿದ್ದು ಕಿಡಿ ಹೊತ್ತಿಸಿತು: ರೈತನ ಹೊಲವೇ ಹೋಗುತ್ತದೆ ಎಂಬ ಭಯ. ಜೂನ್ ಮೊದಲಲ್ಲಿ ಮದ್ರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆಯಾಯಿತು. ಎನ್. ಜಿ. ರಂಗಾ ಅಧ್ಯಕ್ಷರು, ಮೀನೂ ಮಸಾನಿ, ಕೆ. ಎಂ. ಮುನ್ಷಿ ಜೊತೆಗಿದ್ದರು. ಮೂಲ ತತ್ವಗಳನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಸದಸ್ಯರು ಮನಸ್ಸಿಗೆ ಬಂದಂತೆ ಮತ ಹಾಕಬಹುದೆಂಬ ನಿಯಮ ಈ ಪಕ್ಷದ ವಿಶೇಷ. ಪಾನನಿಷೇಧದ ಬಗ್ಗೆ ರಾಜಾಜಿಗೂ ಮಸಾನಿಗೂ ಇದ್ದ ಭಿನ್ನಾಭಿಪ್ರಾಯಕ್ಕೆ ಅದು ಅನುಕೂಲವಾಗಿಯೇ ಒದಗಿತು.

ಲೋಕಸಭೆಯಲ್ಲಿ ಪಕ್ಷ 1962ರಲ್ಲಿ 18, 1967ರಲ್ಲಿ 44 ಸ್ಥಾನ ಗಳಿಸಿತು. ಮೈಸೂರು ವಿಧಾನಸಭೆಯಲ್ಲಿ 1962ರಲ್ಲಿ 9, 1967ರಲ್ಲಿ 16 ಶಾಸಕರಿದ್ದರು. ಜಮೀನು ಸ್ವಾಧೀನಕ್ಕೆ ದಾರಿ ಮಾಡಿದ 1964ರ ಹದಿನೇಳನೆಯ ತಿದ್ದುಪಡಿಯನ್ನು ಪಕ್ಷ ಬಲವಾಗಿ ವಿರೋಧಿಸಿತು. ಆದರೆ ಮಾಜಿ ರಾಜಮಹಾರಾಜರೂ ದೊಡ್ಡ ಜಮೀನುದಾರರೂ ಅದರ ಬಲವಾಗಿದ್ದುದರಿಂದ ಸಾಮಾನ್ಯನ ಸ್ವಾತಂತ್ರ್ಯದ ಮಾತು ಬಹಳ ಜನಕ್ಕೆ ರುಚಿಸಲಿಲ್ಲ. ಮದ್ರಾಸಿನಲ್ಲಿ ರಾಜಾಜಿ 1967ರಲ್ಲಿ ಡಿಎಂಕೆ ಜೊತೆ ಕೈಜೋಡಿಸಿ ಕಾಂಗ್ರೆಸನ್ನು ಉರುಳಿಸಿದರು. ಹಿಂದಿ ಹೇರಿದ್ದವರು ಆ ಹೊತ್ತಿಗೆ ಹಿಂದಿಯ ಏಕಾಧಿಪತ್ಯದ ಕಟು ವಿರೋಧಿಯಾಗಿದ್ದರು. ನಾಲ್ಕೇ ವರ್ಷದಲ್ಲಿ ಅದೇ ಡಿಎಂಕೆ ಸರ್ಕಾರ ಪಾನನಿಷೇಧವನ್ನು ಸಡಿಲಿಸಹೊರಟಾಗ, ತೊಂಬತ್ತು ದಾಟಿದ್ದ ರಾಜಾಜಿ ಮುಖ್ಯಮಂತ್ರಿ ಕರುಣಾನಿಧಿಯವರ ಬಳಿಗೆ ತಾವೇ ಹೋಗಿ ಬೇಡವೆಂದು ಕೇಳಿಕೊಂಡರು. ಮಾತು ನಡೆಯಲಿಲ್ಲ. 1971ರ ಚುನಾವಣೆಯಲ್ಲಿ ಸ್ವತಂತ್ರ ಪಕ್ಷ ಲೋಕಸಭೆಯಲ್ಲಿ 8 ಸ್ಥಾನಕ್ಕೆ ಇಳಿದಿತ್ತು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷದ ಬಹುಭಾಗ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ಸೇರಿಹೋಯಿತು. ನಾಗಪುರದಲ್ಲಿ ಕಾಂಗ್ರೆಸ್ಸಿನೊಳಗಿದ್ದುಕೊಂಡೇ ಸಹಕಾರಿ ಬೇಸಾಯವನ್ನು ವಿರೋಧಿಸಿದ್ದವರು ಚರಣ್ ಸಿಂಗ್.