ಸೂಜಿಮದ್ದು ಕೊಟ್ಟ ಆಯುಷ್ಯ

ವೈದ್ಯಶಾಸ್ತ್ರದ ಇತಿಹಾಸವನ್ನು ನಾವು ಬಹುಮಟ್ಟಿಗೆ ಶೋಧಕರ ಇತಿಹಾಸವಾಗಿಯೇ ಓದುತ್ತೇವೆ. ಔಷಧ ದೊರೆಯಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ರೋಗಿಯ ಪಾಲಿಗೆ ಕಥೆ ಅಲ್ಲಿಂದಲೇ ಆರಂಭವಾಗುವುದೂ ಉಂಟು. ಇನ್ಸುಲಿನ್ನಿನ ಚರಿತ್ರೆ ಇದಕ್ಕೊಂದು ನಿದರ್ಶನ.

ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗೆ ಮಧುಮೇಹ ಬರುವುದನ್ನು 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ತೋರಿಸಿಕೊಟ್ಟರು. ಆ ಗ್ರಂಥಿಯು ರಕ್ತಕ್ಕೆ ಯಾವುದೋ ಹಾರ್ಮೋನನ್ನು ಸೇರಿಸುತ್ತದೆ, ಅದಿಲ್ಲದೆ ದೇಹವು ಸಕ್ಕರೆಯನ್ನು ಬಳಸಿಕೊಳ್ಳಲಾರದು ಎಂಬ ಊಹೆ ಕ್ರಮೇಣ ಬಲಿಯಿತು. ಆದರೆ ಆ ವಸ್ತು ಕೈಗೆ ದಕ್ಕಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ಎಳೆಯರಿಗೆ ಈ ರೋಗವೆಂದರೆ ಮರಣಶಾಸನವೇ. ಅಮೆರಿಕದ ವೈದ್ಯ ಫ್ರೆಡರಿಕ್ ಆಲೆನ್ ಅನುಸರಿಸಿದ ಮಾರ್ಗ ಅರೆಹೊಟ್ಟೆಯ ಪಥ್ಯ. ಸಾವನ್ನು ಹಸಿವಿನ ಬೆಲೆಗೆ ಮುಂದೂಡುವ ಚಿಕಿತ್ಸೆ ಅದು.

1919ರಲ್ಲಿ ಹನ್ನೊಂದು ವರ್ಷದ ಎಲಿಜಬೆತ್ ಹ್ಯೂಸ್ ಆ ಪಥ್ಯಕ್ಕೆ ಒಳಗಾದಳು. ಆಕೆಯ ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ 1921ರಲ್ಲಿ ಅಮೆರಿಕದ ವಿದೇಶಾಂಗ ಸಚಿವರಾದರು. ಆದರೇನು, ಮಗಳ ತಟ್ಟೆಗೆ ಬೀಳುತ್ತಿದ್ದುದು ತೂಗಿ ಅಳೆದ ತುತ್ತುಗಳೇ. ಮೈ ಬೆಳೆಯಬೇಕಾದ ವಯಸ್ಸಿನಲ್ಲಿ ಮೈ ಕರಗಿತು.

ಅತ್ತ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಈ ಹಾರ್ಮೋನಿನ ಬೆನ್ನು ಹತ್ತಿದ್ದರು. 1922ರ ಜನವರಿ 11ರಂದು ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಅವರ ಮದ್ದನ್ನು ಚುಚ್ಚಲಾಯಿತು. ಫಲ ಅಲ್ಪ, ಚುಚ್ಚಿದ ಜಾಗ ಬಾತುಕೊಂಡಿತು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಶುದ್ಧಗೊಳಿಸಿದ ಮೇಲೆ, ಅದೇ ತಿಂಗಳ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಆ ಆಗಸ್ಟಿನಲ್ಲಿ ಎಲಿಜಬೆತ್ ಟೊರಾಂಟೊ ತಲುಪಿದಾಗ ಅವಳ ತೂಕ ಸುಮಾರು ಇಪ್ಪತ್ತು ಕಿಲೊ. ವಯಸ್ಸು ಹದಿನೈದು ತುಂಬುವುದರಲ್ಲಿತ್ತು. ಕೆಲವೇ ವಾರಗಳಲ್ಲಿ ಅವಳು ಹೊಟ್ಟೆತುಂಬ ಉಣ್ಣತೊಡಗಿದಳು. ಆ ಸಂತೋಷವನ್ನು ತಾಯಿಗೆ ಪತ್ರಗಳಲ್ಲಿ ಬರೆದಳು.

ಇನ್ಸುಲಿನ್ ರೋಗವನ್ನು ಗುಣಪಡಿಸಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದು ಕೊಲ್ಲುವ ರೋಗವನ್ನು ಬಾಳಿನುದ್ದಕ್ಕೂ ಜೊತೆಗಿರುವ ರೋಗವನ್ನಾಗಿ ಮಾರ್ಪಡಿಸಿತು. ವೈದ್ಯರ ಕೈಯಲ್ಲಿದ್ದ ಸೂಜಿ ಹದಿಹರೆಯದ ಮಕ್ಕಳ ಕೈಗೆ ಬಂತು. ದಿನದಿನವೂ ಊಟವನ್ನು ಅಳೆಯುವ, ಮೈಯನ್ನು ಚುಚ್ಚುವ ಹೊಣೆ ಅವರದಾಯಿತು. ಇಂಥದೊಂದು ಬದುಕಿಗೆ ಅದಕ್ಕೆ ಮೊದಲು ಮಾದರಿಯೇ ಇರಲಿಲ್ಲ.

ಎಲಿಜಬೆತ್ ಓದಿದರು, ಮದುವೆಯಾದರು, ಮೂವರು ಮಕ್ಕಳ ತಾಯಿಯಾದರು. ಸಾರ್ವಜನಿಕ ಕಾರ್ಯಗಳಲ್ಲಿ ಹೆಸರು ಪಡೆದು 1981ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ತಮ್ಮ ರೋಗದ ವಿಷಯವನ್ನು ತೀರ ಆಪ್ತರಿಗಲ್ಲದೆ ತಿಳಿಸಲಿಲ್ಲ. ತಂದೆಯ ಕಾಗದಪತ್ರಗಳಲ್ಲಿದ್ದ ಅದರ ಪ್ರಸ್ತಾಪಗಳನ್ನೂ ಅಳಿಸಿದರು. ರೋಗಿಯೆಂಬ ಹಣೆಪಟ್ಟಿ ಅವರಿಗೆ ಬೇಕಿರಲಿಲ್ಲ.

ಆ ಮೌನವನ್ನು ಹಳಿಯುವುದು ಸುಲಭ. ನಮ್ಮ ಮನೆಗಳಲ್ಲಿಯೂ ಹೆಣ್ಣುಮಗಳೊಬ್ಬಳಿಗೆ ಸಕ್ಕರೆ ಕಾಯಿಲೆಯೆಂದರೆ ಮಾತು ಪಿಸುಮಾತಾಗುತ್ತದೆ. ವರಾನ್ವೇಷಣೆಯ ಸಮಯದಲ್ಲಂತೂ ಔಷಧದ ಸೀಸೆಯೇ ಮರೆಯಾಗುತ್ತದೆ. ಸೂಜಿಯ ನೋವನ್ನು ತಾಳಿಕೊಂಡ ಮಕ್ಕಳೂ ಜನರ ನೋಟಕ್ಕೆ ಅಂಜುತ್ತಾರೆ. ಪ್ರಯೋಗಶಾಲೆ ತನ್ನ ಪಾಲಿನ ಕೆಲಸವನ್ನು 1922ರಲ್ಲಿಯೇ ಆರಂಭಿಸಿತು. ನೆರೆಹೊರೆಯವರೂ ಬಂಧುಬಳಗದವರೂ ಆದ ನಮ್ಮ ಪಾಲಿನ ಕೆಲಸ ಇನ್ನೂ ಬಾಕಿ ಉಳಿದಿದೆ.