ಮೂರು ಮನೆ ತುಂಬಿದವಳು

ಹೆಣ್ಣಿಗೆ ಎರಡು ಮನೆ ಎನ್ನುವುದು ನಮ್ಮಲ್ಲಿ ರೂಢಿ. ಹುಟ್ಟಿದ ಮನೆ ಒಂದು, ಕೊಟ್ಟ ಮನೆ ಒಂದು. ಸಾವಿರ ವರ್ಷಗಳ ಹಿಂದೆ ಜರ್ಮನಿಯಲ್ಲಿ ಬಾಳಿದ ಗೀಸೆಲಾಳಿಗೆ ಕೊಟ್ಟ ಮನೆಗಳೇ ಮೂರು. ಇತಿಹಾಸದ ಪುಸ್ತಕಗಳು ಅವಳನ್ನು ಚಕ್ರವರ್ತಿ ಎರಡನೇ ಕಾನ್ರಾಡನ ಹೆಂಡತಿ, ಮೂರನೇ ಹೆನ್ರಿಯ ತಾಯಿ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೋ, ಅವಳ ವಂಶವೃಕ್ಷವನ್ನು ಬಿಡಿಸಿಕೊಂಡು ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಗೀಸೆಲಾಳ ತಂದೆ ನೈಋತ್ಯ ಜರ್ಮನಿಯ ಸ್ವೇಬಿಯಾ ಪ್ರಾಂತದ ಡ್ಯೂಕ್ ಎರಡನೇ ಹರ್ಮನ್. ತಾಯಿ ಗೆರ್ಬೆರ್ಗಾ ಬರ್ಗಂಡಿಯ ರಾಜಕುಮಾರಿ. ಬರ್ಗಂಡಿಯ ದೊರೆ ಮೂರನೇ ರುಡಾಲ್ಫ್ ಗೀಸೆಲಾಳಿಗೆ ಸೋದರಮಾವ. ಅವನಿಗೆ ಪಟ್ಟಕ್ಕೆ ಬರುವ ಮಕ್ಕಳಿರಲಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಷ್ಟಕ್ಕೆಲ್ಲ ಇದೂ ಒಂದು ಕಾರಣ.

ಅವಳನ್ನು ಬ್ರೌನ್‌ಷ್ವೈಗ್‌ನ ಬ್ರೂನ್ ಎಂಬ ಕೌಂಟ್ ಮದುವೆಯಾಗಿದ್ದ. ಬಾಬೆನ್‌ಬೆರ್ಗ್ ಮನೆತನದ ಎರ್ನ್ಸ್ಟ್ ಕೂಡ ಮದುವೆಯಾಗಿದ್ದ. ಇವರಿಬ್ಬರಲ್ಲಿ ಯಾರು ಮೊದಲಿನವನು ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಗಂಡಸರ ಯುದ್ಧಗಳಿಗೆ ತಿಥಿ ವಾರ ಬರೆದಿಟ್ಟವರಿಗೆ ಒಬ್ಬ ಹೆಣ್ಣುಮಗಳ ಮದುವೆಯ ವರ್ಷ ಬರೆಯಬೇಕೆಂದು ತೋಚಲಿಲ್ಲ! ಬ್ರೂನ್‌ನಿಂದ ಲಿಯುಡಾಲ್ಫ್ ಹುಟ್ಟಿದ. ಎರ್ನ್ಸ್ಟ್‌ನಿಂದ ಇಬ್ಬರು ಗಂಡುಮಕ್ಕಳು: ತಂದೆಯ ಹೆಸರೇ ಇಟ್ಟುಕೊಂಡ ಎರ್ನ್ಸ್ಟ್, ಅಜ್ಜನ ಹೆಸರಿನ ಹರ್ಮನ್.

1015ರಲ್ಲಿ ಬೇಟೆಗೆ ಹೋದ ಗಂಡ ಎರ್ನ್ಸ್ಟ್, ಜೊತೆಯವನೊಬ್ಬ ಜಿಂಕೆಗೆ ಬಿಟ್ಟ ಬಾಣ ತಗುಲಿ ಸತ್ತ. ಹೆಂಡತಿ ಮಾನ ಕಾಪಾಡಿಕೊಂಡು ಇರಲಿ, ತನ್ನನ್ನು ಮರೆಯದಿರಲಿ ಎಂದು ಸಾಯುವಾಗ ಹೇಳಿಕಳಿಸಿದನೆಂದು ಬಿಷಪ್ ಥೀಟ್ಮಾರ್ ಬರೆದಿದ್ದಾನೆ. ಗೀಸೆಲಾ ಒಂದೆರಡು ವರ್ಷದಲ್ಲೇ ಕಾನ್ರಾಡ್‌ನನ್ನು ಮದುವೆಯಾದಳು. ಜನ ಆಡಿಕೊಂಡರು. ಇಬ್ಬರೂ ಜರ್ಮನಿಯ ದೊರೆ ಒಂದನೇ ಹೆನ್ರಿಯ ಸಂತತಿ. ಇಷ್ಟು ಹತ್ತಿರದ ರಕ್ತಸಂಬಂಧ ಚರ್ಚಿಗೆ ನಿಷಿದ್ಧ. ಮಗ ಎರ್ನ್ಸ್ಟ್‌ನ ಪರವಾಗಿ ಅವಳು ನೋಡಿಕೊಳ್ಳುತ್ತಿದ್ದ ಸ್ವೇಬಿಯಾದ ಆಡಳಿತ ಅವಳ ಕೈಬಿಟ್ಟು ಮೈದುನ ಪೊಪ್ಪೋನ ಕೈಗೆ ಹೋಯಿತು.

1024ರಲ್ಲಿ ಕಾನ್ರಾಡ್ ರಾಜನಾಗಿ ಆಯ್ಕೆಯಾದ. ಮೈಂಟ್ಸ್‌ನ ಆರ್ಚ್‌ಬಿಷಪ್ ಆರಿಬೋ ಅವನಿಗೆ ಕಿರೀಟ ತೊಡಿಸಿದ, ಗೀಸೆಲಾಳಿಗೆ ತೊಡಿಸಲು ಒಪ್ಪಲಿಲ್ಲ. ಅದೇ ಮದುವೆ, ಗಂಡನಿಗೆ ದೋಷ ತಟ್ಟಲಿಲ್ಲ, ಹೆಂಡತಿಗೆ ತಟ್ಟಿತು! ಎರಡು ವಾರದ ನಂತರ ಕಲೋನ್‌ನ ಆರ್ಚ್‌ಬಿಷಪ್ ಪಿಲ್‌ಗ್ರಿಮ್ ಆ ಕೆಲಸ ಮಾಡಿದ. 1027ರ ಈಸ್ಟರ್‌ಗೆ ರೋಮಿನಲ್ಲಿ ಅವಳು ಚಕ್ರವರ್ತಿನಿಯಾದಳು. ಅದೇ ವರ್ಷ ಗಂಡನಿಗೂ ಸೋದರಮಾವ ರುಡಾಲ್ಫನಿಗೂ ನಡುವೆ ನಿಂತು ಬರ್ಗಂಡಿಯ ವಿಷಯದಲ್ಲಿ ರಾಜಿ ಮಾಡಿಸಿದಳು. 1033ರಲ್ಲಿ ಆ ರಾಜ್ಯ ಕಾನ್ರಾಡ್‌ನದಾಯಿತು.

ಆದರೆ ತಾಯಿಯ ತವರಿನ ಆ ಸೀಮೆಯ ಮೇಲೆ ಮಗ ಎರ್ನ್ಸ್ಟ್‌ಗೂ ಹಕ್ಕು ತೋರುತ್ತಿತ್ತು. ಮಲತಂದೆಯ ವಿರುದ್ಧ ಅವನು ಮತ್ತೆ ಮತ್ತೆ ದಂಗೆ ಎದ್ದ, ಸೆರೆಯಲ್ಲೂ ಇದ್ದ. 1030ರ ಈಸ್ಟರ್‌ನಲ್ಲಿ ಕಾನ್ರಾಡ್ ಒಂದು ಷರತ್ತು ಹಾಕಿದ: ಗೆಳೆಯ ವೆರ್ನರ್‌ನನ್ನು ರಾಜ್ಯದ ಶತ್ರುವೆಂದು ಬೆನ್ನಟ್ಟಬೇಕು. ಎರ್ನ್ಸ್ಟ್ ಒಲ್ಲೆನೆಂದ. ಡ್ಯೂಕ್ ಪದವಿ ಹೋಯಿತು, ಧರ್ಮಬಹಿಷ್ಕಾರ ಬಂತು. ಆಗ ಗೀಸೆಲಾ, ಮಗನಿಗೆ ಏನೇ ಆದರೂ ತಾನು ಸೇಡು ಬಗೆಯುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟಳು. ಆಗಸ್ಟ್ 17ರಂದು ಕಪ್ಪುಕಾಡಿನ ಸೀಮೆಯಲ್ಲಿ ಎರ್ನ್ಸ್ಟ್, ವೆರ್ನರ್ ಇಬ್ಬರೂ ಹೋರಾಡುತ್ತ ಸತ್ತರು.

ಹೆತ್ತ ಕರುಳು ಇಂಥ ಮಾತು ಕೊಡಬಲ್ಲದೆ ಎಂದು ನಿಮಗೂ ಅನ್ನಿಸೀತು. ಇದನ್ನು ಬರೆದಿಟ್ಟ ವೀಪೋ ಕಾನ್ರಾಡ್‌ನ ಆಸ್ಥಾನದ ಪಾದ್ರಿ. ವಿವೇಕಿ ಗಂಡನನ್ನು ಅವಿವೇಕಿ ಮಗನಿಗಿಂತ ಮೇಲೆಂದುಕೊಂಡಳು ಎಂದು ಅವನು ಮೆಚ್ಚಿಕೊಳ್ಳುತ್ತಾನೆ. ನಾನು ಇನ್ನೊಂದು ಸಂಗತಿಯತ್ತ ನೋಡುತ್ತೇನೆ. ಎರ್ನ್ಸ್ಟ್ ಕಳೆದುಕೊಂಡ ಸ್ವೇಬಿಯಾ ಅವನ ತಮ್ಮ ಹರ್ಮನ್‌ಗೆ ಸಿಕ್ಕಿತು. ಇಬ್ಬರೂ ಅವಳ ಮಕ್ಕಳೇ. ಒಬ್ಬನನ್ನು ಉಳಿಸಿಕೊಳ್ಳಲಾಗದ ತಾಯಿ ಇನ್ನೊಬ್ಬನಿಗೆ ಅನ್ನದ ದಾರಿ ಮುಚ್ಚದಂತೆ ತುಟಿ ಕಚ್ಚಿಕೊಂಡಿರಬೇಕು ಎಂದು ನನ್ನ ಊಹೆ. ಅವಳ ಮನಸ್ಸಿನ ಮಾತನ್ನು ವೀಪೋ ಕೇಳಲಿಲ್ಲ.

ಹಾಗೆ ಉಳಿದ ಹರ್ಮನ್ ಕೂಡ 1038ರಲ್ಲಿ ಇಟಲಿಯ ದಂಡಯಾತ್ರೆಯಲ್ಲಿ ಸಾಂಕ್ರಾಮಿಕಕ್ಕೆ ತುತ್ತಾದ. ಅದೇ ಬೇಸಿಗೆಯಲ್ಲಿ ಸೊಸೆ ಗುನ್‌ಹಿಲ್ಡ್ ತೀರಿಕೊಂಡಳು. ಆ ವರ್ಷವೇ ಲಿಯುಡಾಲ್ಫ್ ಕೂಡ ಹೋದ. ಮರುವರ್ಷ ಕಾನ್ರಾಡ್. ಫ್ರಾನ್ಸಿನ ದೊರೆಗೆ ನಿಶ್ಚಯವಾಗಿದ್ದ ಪುಟ್ಟ ಮಗಳು ಮಟಿಲ್ಡಾ 1034ರಲ್ಲೇ ಹೋಗಿದ್ದಳು. ಗೀಸೆಲಾ 1043ರಲ್ಲಿ ಗೋಸ್ಲಾರ್‌ನಲ್ಲಿ ಕಣ್ಣು ಮುಚ್ಚಿದಳು. ಸ್ಪೈಯರ್‌ನ ಕೆಥೆಡ್ರಲ್‌ನಲ್ಲಿ ಕಾನ್ರಾಡ್‌ನ ಬಳಿಯಲ್ಲೇ ಅವಳ ಸಮಾಧಿಯಿದೆ.

ವಂಶವೃಕ್ಷವನ್ನು ಇನ್ನಷ್ಟು ಕೆಳಗೆ ನೋಡಿದರೆ, 1180ರಲ್ಲಿ ಚಕ್ರವರ್ತಿ ಬಾರ್ಬರೋಸಾ ತನ್ನ ಪ್ರತಿಸ್ಪರ್ಧಿ ‘ಸಿಂಹ’ ಹೆನ್ರಿಯ ಪ್ರಾಂತಗಳನ್ನೆಲ್ಲ ಕಿತ್ತುಕೊಂಡದ್ದು ಕಾಣುತ್ತದೆ. ಬಾರ್ಬರೋಸಾ ಕಾನ್ರಾಡ್‌ನ ಕವಲಿನವನು, ಹೆನ್ರಿ ಬ್ರೂನ್‌ನ ಕವಲಿನವನು. ಹಗೆ ಸಾಧಿಸಿದ ಇಬ್ಬರಿಗೂ ಮೂಲದ ಅಜ್ಜಿ ಗೀಸೆಲಾಳೇ.