ಮೂಲೆ ಸೇರಿದ್ದ ವಿಭವ

'ಸರ್, ಕ್ವಾಂಟಮ್ ಕ್ಷೇತ್ರ ಸಿದ್ಧಾಂತಕ್ಕೆ ಮೊದಲು ವಿದ್ಯುತ್ಕಾಂತತೆಯನ್ನು ಎಷ್ಟು ಓದಿರಬೇಕು?' ಎಂದು ಎಂ.ಎಸ್‌ಸಿ. ವಿದ್ಯಾರ್ಥಿಗಳು ಕೇಳುವುದುಂಟು. ನೀವೂ ಹೀಗೆ ಯೋಚಿಸಿರಬಹುದು. ದಪ್ಪ ಪುಸ್ತಕದ ಮೊದಲ ಅಧ್ಯಾಯಗಳಲ್ಲೇ, ಪ್ರತಿಬಿಂಬ ಆವೇಶಗಳ ಲೆಕ್ಕ ಮಾಡುತ್ತಲೇ, ವರ್ಷ ಕಳೆದವನು ನಾನು. ಅದು ವ್ಯರ್ಥವಲ್ಲ, ಆದರೆ ನನಗೆ ಬೇಕಾದದ್ದು ಅಲ್ಲಿರಲಿಲ್ಲ.

ಬೇಕಾದದ್ದು ಯಾವುದೆಂದು ಚರಿತ್ರೆ ತಿಳಿಸುತ್ತದೆ. 1865ರಲ್ಲಿ ಪ್ರಕಟವಾದ ಮ್ಯಾಕ್ಸ್‌ವೆಲ್‌ನ ಪ್ರಬಂಧದಲ್ಲಿದ್ದ ಸಮೀಕರಣಗಳು 4 ಅಲ್ಲ, 20. ಅವುಗಳಲ್ಲಿ ಸದಿಶ ವಿಭವಕ್ಕೆ ಮುಖ್ಯ ಸ್ಥಾನವಿತ್ತು. ಕಾಂತಕ್ಷೇತ್ರವನ್ನು ಇದರಿಂದ ಲೆಕ್ಕ ಹಾಕಬಹುದು. ಟೆಲಿಗ್ರಾಫ್ ಕೆಲಸದಲ್ಲಿದ್ದು, ಗಣಿತವನ್ನು ತಾನಾಗಿಯೇ ಕಲಿತ ಆಲಿವರ್ ಹೆವಿಸೈಡ್ 1880ರ ದಶಕದಲ್ಲಿ ಅವನ್ನು ಇಂದಿನ 4 ಸಮೀಕರಣಗಳಿಗೆ ಇಳಿಸಿದ. ವಿಭವ ಅವನಿಗೆ ಹಿಡಿಸುತ್ತಿರಲಿಲ್ಲ. ಕ್ಷೇತ್ರಗಳು ಕಿಂಚಿತ್ತೂ ಬದಲಾಗದಂತೆ ವಿಭವವನ್ನು ಬಗೆಬಗೆಯಾಗಿ ಮಾರ್ಪಡಿಸಬಹುದು; ಇದೇ ಗೇಜ್ ಸ್ವಾತಂತ್ರ್ಯ. ಇಂಥದ್ದಕ್ಕೇಕೆ ಮಣೆ? (ಈ ಸ್ವಾತಂತ್ರ್ಯಕ್ಕೆ ಹಾಕುವ ಒಂದು ಪ್ರಸಿದ್ಧ ನಿಬಂಧನೆಯನ್ನು 1867ರಲ್ಲಿ ಬಳಸಿದವನು ಡೆನ್ಮಾರ್ಕಿನ ಲೊರೆನ್ಸ್. ಪಠ್ಯಪುಸ್ತಕಗಳು ಬಹುಕಾಲ ಅದರ ಕೀರ್ತಿಯನ್ನು ಹಾಲೆಂಡಿನ ಲೊರೆಂಟ್ಸ್‌ಗೆ ಕೊಟ್ಟವು!)

ಕ್ವಾಂಟಮ್ ಸಿದ್ಧಾಂತ ಬಂದಾಗ ಮೂಲೆ ಸೇರಿದ್ದ ವಿಭವ ಎದ್ದು ಬಂತು. 1927ರಲ್ಲಿ ಡಿರಾಕ್, ಪರಮಾಣು ಬೆಳಕನ್ನು ಸೂಸುವ ಬಗೆಯನ್ನು ಬರೆದದ್ದು ಅದರ ಮೂಲಕವೇ. ಎಲೆಕ್ಟ್ರಾನ್ ಅಲೆಯ ಪ್ರಾವಸ್ಥೆಯನ್ನು ಒಂದೊಂದು ಬಿಂದುವಿನಲ್ಲೂ ಸ್ವತಂತ್ರವಾಗಿ ಬದಲಿಸಲು ಅವಕಾಶ ಬೇಕಿದ್ದರೆ ವಿಭವ ಇರಲೇಬೇಕೆಂದು 1929ರಲ್ಲಿ ಹರ್ಮನ್ ವೈಲ್ ತೋರಿಸಿದ.

1959ರಲ್ಲಿ ಅಹರೊನೊವ್ ಮತ್ತು ಬೋಮ್ ಇನ್ನೂ ಮುಂದೆ ಹೋದರು. ಉದ್ದನೆಯ ಸೊಲಿನಾಯ್ಡಿನ ಕಾಂತಕ್ಷೇತ್ರ ಅದರ ಒಳಗಷ್ಟೇ ಇರುತ್ತದೆ. ವಿಭವವಾದರೋ ಹೊರಗೂ ಇರುತ್ತದೆ. ಎಲೆಕ್ಟ್ರಾನ್ ದೂಲವನ್ನು ಸೀಳಿ, ಸೊಲಿನಾಯ್ಡಿನ ಎರಡೂ ಪಕ್ಕದಲ್ಲಿ ಹಾಯಿಸಿ ಮತ್ತೆ ಕೂಡಿಸಿದರೆ, ಕ್ಷೇತ್ರವನ್ನು ಮುಟ್ಟದಿದ್ದರೂ ವ್ಯತಿಕರಣ ಪಟ್ಟಿಗಳು ಸರಿಯಬೇಕೆಂದರು. ಪ್ರಯೋಗಗಳೂ ನಡೆದವು. ಕ್ಷೇತ್ರ ಸ್ವಲ್ಪ ಸೋರಿರಬಹುದೆಂಬ ಆಕ್ಷೇಪ ಮಾತ್ರ ಉಳಿದೇ ಇತ್ತು. 1986ರಲ್ಲಿ ಜಪಾನಿನ ಅಕಿರ ತೊನೊಮುರ ತಂಡ, ಉಂಗುರದಂಥ ಪುಟಾಣಿ ಕಾಂತವನ್ನು ನಯೋಬಿಯಂ ಅತಿವಾಹಕದಿಂದ ಮುಚ್ಚಿ ಸೋರಿಕೆಯನ್ನು ತಡೆಯಿತು. ಆಗಲೂ ಕೆಲವು ಮಾದರಿಗಳಲ್ಲಿ ಪಟ್ಟಿಗಳು ಅರ್ಧ ಅಂತರದಷ್ಟು ಸರಿದಿದ್ದವು. ಒಂದು ಬಿಂದುವಿನಲ್ಲಿನ ವಿಭವವನ್ನು ಅಳೆಯಲಾಗದೆಂಬುದು ಈಗಲೂ ನಿಜ. ಅರ್ಥವಿರುವುದು ಸುತ್ತು ಪೂರ್ತಿಯಾದಾಗ ಸಿಗುವ ಮೊತ್ತಕ್ಕೆ.

ಆದ್ದರಿಂದ ಸಮಯ ಕಡಿಮೆಯಿದ್ದರೆ ಪ್ರತಿಬಿಂಬ ಆವೇಶ, ತರಂಗಮಾರ್ಗಗಳು ಆಮೇಲಾಗಲಿ. ಸಾಪೇಕ್ಷತಾ ರೂಪದ 4 ಘಟಕಗಳ ವಿಭವ, ಲಗ್ರಾಂಜಿಯನ್‌ನಿಂದ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಪಡೆಯುವ ಕ್ರಮ, ಗೇಜ್ ಸ್ವಾತಂತ್ರ್ಯ, ಇವುಗಳ ಮೇಲೆ ಕುಳಿತುಕೊಳ್ಳಿ. ವಿಭವಕ್ಕೆ 4 ಘಟಕಗಳಿದ್ದರೂ ಬೆಳಕಿಗೆ 2 ಧ್ರುವೀಕರಣಗಳಷ್ಟೇ ಏಕೆ? ಕಾಗದ ತೆಗೆದುಕೊಂಡು ಇಂದೇ ಮಾಡಿ ನೋಡಿ.